ಸಿನಿಮಾ ಮೇಡಂ ಹೆಸರು ಹೇಳಲಿಲ್ಲ

ವಿಶ್ವವಿದ್ಯಾಲಯದಲ್ಲಿ ಅವರಿಗೊಂದು ಉದ್ದನೆಯ ಪದವಿ ಇತ್ತು: ಪ್ರದರ್ಶನ ಅಧ್ಯಯನ ಮತ್ತು ಜನಪ್ರಿಯ ಸಂಸ್ಕೃತಿ ವಿಭಾಗದ ಪ್ರಾಧ್ಯಾಪಕಿ. ಬಾಗಿಲ ಫಲಕದಲ್ಲಿ ಅಷ್ಟೂ ಅಕ್ಷರ ಹಿಡಿಸದೆ, ಬರೆಯುವವನು ಕೊನೆಯ ಪದಗಳನ್ನು ಕೆಳಗೆ ಸಣ್ಣದಾಗಿ ತುರುಕಿದ್ದ. ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಜವಾನನಿಂದ ಹಿಡಿದು ಡೀನ್‌ವರೆಗೆ ಎಲ್ಲರ ಬಾಯಲ್ಲೂ ಅವರು ಸಿನಿಮಾ ಮೇಡಂ. ಆ ಹೆಸರಿಗೆ ಅವರಿಗೇನೂ ಬೇಸರವಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು "ಅದೂ ಒಂದು ಸಬ್ಜೆಕ್ಟಾ?" ಎಂದು ಯಾರಾದರೂ ಕೇಳಿದಾಗ. ಆಗ ಅವರು ಕೇಳಿದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಆ ಮನುಷ್ಯ ಕೈಕಟ್ಟಿಕೊಂಡ ರೀತಿ, ತಲೆ ವಾಲಿಸಿದ ರೀತಿ, ಮೂಗು ಮುರಿದ ರೀತಿ ಎಲ್ಲವನ್ನೂ ಅಲ್ಲೇ ಮಾಡಿ ತೋರಿಸಿ, "ಇದೇ ಸಬ್ಜೆಕ್ಟು" ಎನ್ನುತ್ತಿದ್ದರು. ಇಂಥವರಿಗೆ ಸ್ನೇಹಿತರು ಕಡಿಮೆ ಇದ್ದರೆ ಆಶ್ಚರ್ಯವೇನಿಲ್ಲ.

ಅವರ ಅಮ್ಮ ಒಂದು ಸಿನಿಮಾ ಮಂದಿರದ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಕೌಂಟರೆಂದರೆ ಒಬ್ಬರು ಕೂತರೆ ಇನ್ನೊಬ್ಬರು ಉಸಿರಾಡಲು ಹೊರಗೆ ಹೋಗಬೇಕಾದ ಗೂಡು. ಶಾಲೆ ಬಿಟ್ಟ ಮಗಳು ಆ ಗೂಡಿನ ಹೊರಗೆ ಸ್ಟೂಲ್ ಹಾಕಿಕೊಂಡು ಹೋಂವರ್ಕ್ ಮಾಡುವ ನೆಪದಲ್ಲಿ ಜನರನ್ನು ನೋಡುತ್ತಿದ್ದಳು. ಆಟ ಬಿಟ್ಟಾಗ ಹೊರಬರುವ ಗಂಡಸರು ಎದೆ ಉಬ್ಬಿಸಿ, ತೋಳು ಬೀಸಿ ಹೀರೋ ನಡೆದಂತೆ ನಡೆಯುತ್ತಿದ್ದರು. ಸೈಕಲ್ ಸ್ಟ್ಯಾಂಡ್ ಮುಟ್ಟಿ, ಬೀಗದ ಕೈಗಾಗಿ ಜೇಬು ತಡಕುವಾಗ ಆ ನಡಿಗೆ ಇಳಿದುಹೋಗಿ ಅವರವರ ಸ್ವಂತ ನಡಿಗೆ ವಾಪಸು ಬರುತ್ತಿತ್ತು. ಹುಡುಗಿ ಅದನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಳು. ದೊಡ್ಡವಳಾಗಿ ಅದರ ಮೇಲೇ ಪಿಎಚ್‌ಡಿ ಮಾಡಿದಳು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಡಾಕ್ಟರ್ ಆದವರನ್ನು ತಾವು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿ ನಕ್ಕರು. ಅವಳೂ ನಕ್ಕಳು, ಆದರೆ ಕ್ಷಮೆ ಕೇಳುವ ನಗೆಯಲ್ಲ ಅದು.

ಮನೆಯಲ್ಲಿ ಹಲ್ಲಿನ ಡಾಕ್ಟರಾದ ಗಂಡ, ಮತ್ತು ಅತ್ತೆ. ಅತ್ತೆಗೆ ಸೊಸೆಯ ಕೆಲಸದ ಬಗ್ಗೆ ಕೇಳಿದರೆ, "ನಮ್ಮವಳು ಯೂನಿವರ್ಸಿಟೀಲಿ ಮಂಗಾಟ ಕಲಿಸ್ತಾಳೆ, ಅದಕ್ಕೆ ಸರ್ಕಾರ ಸಂಬಳ ಕೊಡುತ್ತೆ" ಎನ್ನುತ್ತಿದ್ದರು. ಹಾಗೆಂದು ಅವರೇನು ಕಡಿಮೆಯವರಲ್ಲ. ಬಿ.ಪಿ. ನೋಡುವ ಡಾಕ್ಟರು ಕನ್ನಡಕದ ಮೇಲಿಂದ ನೋಡಿ ತುಟಿ ಚಪ್ಪರಿಸುವುದನ್ನು ಅತ್ತೆ ಮಾಡಿ ತೋರಿಸಿದರೆ, ಮಗ ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದ. ಸೊಸೆ ಮಾತ್ರ ನಗದೆ, ಕಣ್ಣು ಕಿರಿದು ಮಾಡಿ, ಇನ್ನೊಮ್ಮೆ ಮಾಡಿ ಅತ್ತೆ, ನಿಧಾನಕ್ಕೆ, ಎಂದು ಕೇಳುತ್ತಿದ್ದಳು. ಇದು ಮನೆಯೋ ಪ್ರಯೋಗಶಾಲೆಯೋ ಎಂದು ಅತ್ತೆ ಗೊಣಗಿದರೂ ಇನ್ನೊಮ್ಮೆ ಮಾಡುತ್ತಿದ್ದರು.

ಇನ್ನು ಅವರ ಪರೀಕ್ಷೆಯ ವಿಷಯ. ಜಗಳವೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಅವರ ಪತ್ರಿಕೆಯಲ್ಲಿ ಲಿಖಿತ ಪರೀಕ್ಷೆ ಹೆಸರಿಗಷ್ಟೇ. ಮುಖ್ಯವಾದದ್ದು ಪ್ರಾಯೋಗಿಕ. ವಿದ್ಯಾರ್ಥಿ ತಾನು ದಿನಗಟ್ಟಲೆ ನೋಡಿದ ಒಬ್ಬ ಮನುಷ್ಯನನ್ನು ಆರಿಸಿಕೊಂಡು, ಆತ ಮೈಯನ್ನು ಹೇಗೆ ಬಳಸುತ್ತಾನೆ ಎಂಬುದನ್ನು ಮಾತಿಲ್ಲದೆ ಮಾಡಿ ತೋರಿಸಬೇಕು. ವಿಡಿಯೋ ಮಾಡುವಂತಿಲ್ಲ, ಬರೆದುಕೊಂಡು ಬರುವಂತಿಲ್ಲ. ಮುಗಿದ ಕೂಡಲೇ ಮೇಡಂ ಎದ್ದು, ವಿದ್ಯಾರ್ಥಿ ಮಾಡಿದ್ದನ್ನೇ ಎಲ್ಲರ ಮುಂದೆ ತಾವೂ ಮಾಡಬೇಕು. ಆಗ ಯಾವುದು ತಮ್ಮ ಮೈಗೆ ಬರಲಿಲ್ಲವೋ ಅದಕ್ಕೇ ಹೆಚ್ಚು ಅಂಕ. ನನಗೆ ಸುಲಭವಾಗಿ ಬಂದದ್ದು ನೀವು ಮೇಲ್ಮೇಲೆ ನೋಡಿದ್ದು, ನನಗೆ ಬಾರದೆ ಹೋದದ್ದು ನೀವು ನಿಜವಾಗಿ ಕಂಡದ್ದು ಎಂಬುದು ಅವರ ಲೆಕ್ಕಾಚಾರ. ಐವತ್ತು ದಾಟಿದ, ಮಂಡಿನೋವಿನ ಹೆಂಗಸು ಒಮ್ಮೆ ಟ್ರಾಫಿಕ್ ಪೊಲೀಸಾಗಿ, ಇನ್ನೊಮ್ಮೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಫೋನಿನಲ್ಲಿ ಮಾತಾಡುವ ತಾಯಿಯಾಗಿ ಬೆವರು ಸುರಿಸುವುದನ್ನು ನೋಡಲು ಬೇರೆ ವಿಭಾಗದ ಹುಡುಗರೂ ಕಿಟಕಿಯಲ್ಲಿ ಇಣುಕುತ್ತಿದ್ದರು.

ಆ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾಗಿದ್ದವಳು ಟೈಲರಕ್ಕ. ಹೊಲಿಗೆ ಅಂಗಡಿ ನಡೆಸುತ್ತ, ಮಧ್ಯದಲ್ಲಿ ಮಗಳ ಕಾಯಿಲೆಗೆಂದು ಓದು ಬಿಟ್ಟು, ಮತ್ತೆ ಸೇರಿದವಳು. ಒಂದು ಶಾಲೆಯಲ್ಲಿ ನಾಟಕ ಕಲಿಸುವ ಕೆಲಸ ಅವಳಿಗೆ ಹೆಚ್ಚುಕಡಿಮೆ ಸಿಕ್ಕಿತ್ತು. ಫಲಿತಾಂಶ ಬಂದರೆ ಕೆಲಸ, ಶಾಲೆ ತೆರೆಯುವುದರೊಳಗೆ ಬಾರದಿದ್ದರೆ ಬೇರೆಯವರಿಗೆ ಎಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಲು ಈ ಹೆಂಗಸು ಹಿಂದೆ ಕುಲಪತಿಗಳ ಕೋಣೆಯ ಹೊರಗೆ ವಾರಗಟ್ಟಲೆ ಕಾದಿದ್ದಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳು ಮಾಡಿದ್ದು ಆ ಬಾಗಿಲನ್ನು.

ಮೊದಲು ಅವಳು ಕುರ್ಚಿಯಲ್ಲಿ ಕೂತು ಕಾದಳು. ಆಮೇಲೆ ಎದ್ದು, ಬಾಗಿಲು ತೆಗೆದು ಹೊರಬರುವ ಕುಲಪತಿಯಾದಳು. ಎಡ ಭುಜ ಬಲಕ್ಕಿಂತ ಒಂದಿಷ್ಟು ಕೆಳಗೆ, ಅದು ಟೈಲರ್ ಕಣ್ಣಿಗೆ ಬೀಳದೆ ಇರುತ್ತದೆಯೇ. ಕೈ ಕನ್ನಡಕಕ್ಕಾಗಿ ಜೇಬು ತಡಕಿತು. ಎದ್ದು ನಿಂತವರ ಮುಂದೆ ಹಾದುಹೋಗುವಾಗ ಅದೇ ಕೈ ಎದೆಯ ಎತ್ತರಕ್ಕೆ ಬಂದು ಎರಡು ಸಲ ಆಡಿತು. ಆಶೀರ್ವಾದವೋ ನೊಣ ಓಡಿಸುವುದೋ ಹೇಳಲಾಗದ ಕೈ ಅದು. ತುಟಿ ಮಾತ್ರ 'ನೋಡೋಣ, ನೋಡೋಣ' ಎಂದಿತು. ಕಣ್ಣು ನಿಂತವರ ಮುಖದ ಮೇಲೆಲ್ಲ ಹಾದರೂ ಒಬ್ಬರ ಮೇಲೂ ಕೂರಲಿಲ್ಲ. ತರಗತಿ ನಕ್ಕಿತು, ಆಮೇಲೆ ತಾನಾಗಿಯೇ ಸುಮ್ಮನಾಯಿತು. ಅವರಲ್ಲಿ ಆ ಬಾಗಿಲಲ್ಲಿ ನಿಲ್ಲದವರು ಕಡಿಮೆ.

ನಿಯಮದಂತೆ ಮೇಡಂ ಎದ್ದರು. ಭುಜ ಬಂತು, ಜೇಬು ಬಂತು, ಕೈಯೂ ಬಂತು. ಕಣ್ಣು ಬರಲಿಲ್ಲ. ಎಷ್ಟು ಸಲ ಮಾಡಿದರೂ ಅವರ ಕಣ್ಣು ಯಾರಾದರೊಬ್ಬರ ಮುಖದ ಮೇಲೆ ಹೋಗಿ ಕೂತುಬಿಡುತ್ತಿತ್ತು, ಕೂತ ಕೂಡಲೇ ಆ ಹುಡುಗನೋ ಹುಡುಗಿಯೋ ನಗುತ್ತಿದ್ದರು, ಆಟ ಕೆಡುತ್ತಿತ್ತು. ಮೇಡಂ ಸೋತು ಕೂತು, ಆ ವರ್ಷದ ಅತಿ ಹೆಚ್ಚಿನ ಅಂಕವನ್ನು ಟೈಲರಕ್ಕನಿಗೆ ಕೊಟ್ಟರು. ಕಿಟಕಿಯಾಚೆ ಕುಲಸಚಿವರು ನಿಂತಿದ್ದದ್ದು ಆಗ ಯಾರಿಗೂ ಗೊತ್ತಾಗಲಿಲ್ಲ.

ಕುಲಸಚಿವರೆಂದರೆ ವಿಶ್ವವಿದ್ಯಾಲಯದ ಕಡತಗಳೆಲ್ಲ ಯಾರ ಕೈಯಿಂದ ಹಾದುಹೋಗುತ್ತವೋ ಆ ಮನುಷ್ಯ. ಪರೀಕ್ಷೆಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಲು ಬಂದವರು, ಪ್ರಾಧ್ಯಾಪಕಿಯೊಬ್ಬರು ಕೈ ಆಡಿಸುತ್ತ ಕುಲಪತಿಗಳನ್ನು ಅಣಕಿಸುತ್ತಿರುವುದನ್ನೂ ಹುಡುಗರು ಬಿದ್ದು ಬಿದ್ದು ನಗುತ್ತಿರುವುದನ್ನೂ ಕಣ್ಣಾರೆ ಕಂಡರು. ಅವರು ನೋಡಿದ್ದು ಮೇಡಂರನ್ನು ಮಾತ್ರ. ಸಂಜೆಯೊಳಗೆ ದೂರು ಕೊಟ್ಟರು.

ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರು ಕಾನೂನು ವಿಭಾಗದ ಹಿರಿಯರು, ಜೊತೆಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕಿ, ನಡಾವಳಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಮೇಡಂ ಜಗಳಕ್ಕೆಂದೇ ಸಜ್ಜಾಗಿ ಹೋಗಿದ್ದರು. ಆದರೆ ಕಾನೂನಿನವರು ಘಾಟಿ ಮನುಷ್ಯ. ಗದರಲಿಲ್ಲ, ಬೆದರಿಸಲಿಲ್ಲ. ನಿಮ್ಮ ಪಾಠದ ವಿಧಾನ ಏನು ಮೇಡಂ, ನಮಗೂ ತಿಳಿಯಲಿ, ಎಂದು ಕೈಕಟ್ಟಿ ವಿನಯವಾಗಿ ಕೇಳಿದರು. ಇಷ್ಟು ವರ್ಷಗಳಲ್ಲಿ ಆ ಕಟ್ಟಡದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮೇಡಂ ಕರಗಿಹೋದರು. ಸೈಕಲ್ ಸ್ಟ್ಯಾಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿದರು, ಎದ್ದು ಓಡಾಡಿ ಹೇಳಿದರು, ವಿದ್ಯಾರ್ಥಿ ಮೊದಲು ಮಾಡುವುದು, ತಾವು ಅದನ್ನೇ ಮತ್ತೆ ಮಾಡುವುದು, ಬಾರದ್ದಕ್ಕೆ ಅಂಕ ಕೊಡುವುದು, ಒಂದನ್ನೂ ಬಿಡಲಿಲ್ಲ. ಕೇಳುವ ಕಿವಿ ಸಿಕ್ಕರೆ ಮೇಷ್ಟ್ರುಗಳಿಗೆ ಬಾಯಿಗೆ ಬೀಗ ಇರುವುದಿಲ್ಲ.

ಕಾನೂನಿನವರು ಪೂರ್ತಿ ಕೇಳಿಸಿಕೊಂಡು, "ಬಹಳ ಚೆನ್ನಾಗಿದೆ. ಹಾಗಾದ್ರೆ ನೀವು ಮಾಡಿದ್ದನ್ನ ನಿಮಗಿಂತ ಮೊದಲು ಮಾಡಿದ ವಿದ್ಯಾರ್ಥಿ ಯಾರು ಮೇಡಂ?" ಎಂದರು.

ಮೇಡಂ ಆಗ ಎಚ್ಚೆತ್ತರು. ತಾವಾಗಿಯೇ ತೋಡಿದ ಹಳ್ಳದಲ್ಲಿ ತಾವೇ ಕಾಲಿಟ್ಟಾಗಿತ್ತು. ಸುಮ್ಮನೆ 'ನಾನೇ ಮಾಡಿದೆ, ಏನೀಗ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರು ಹೇಳುವುದಿಲ್ಲ ಎಂದರು. ಹೇಳುವವರೆಗೆ ಇಡೀ ತರಗತಿಯ ಫಲಿತಾಂಶ ತಡೆಹಿಡಿಯಲಾಗುತ್ತದೆ ಎಂದು ಸಮಿತಿ ಹೇಳಿತು. ಮುಂದಿನ ಸಭೆಗೆ ಖುದ್ದು ಕುಲಪತಿಗಳೇ ಬರುವವರಿದ್ದರು.

ಮನೆಗೆ ಬಂದವರು ಚಪ್ಪಲಿ ಬಿಡದೆ ಹಜಾರದಲ್ಲಿ ಕೂತು ತಮ್ಮನ್ನು ತಾವು ಬೈದುಕೊಂಡರು. ಬೈಗುಳ ಮುಗಿಯಲೆಂದು ಕಾದಿದ್ದ ಅತ್ತೆ ಕಾಫಿ ತಂದಿಟ್ಟರು; ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ.

"ನೋಡೇ, ಬಾಯಿ ಬಿಟ್ಟಿದ್ದು ನೀನು. ಆ ಹುಡುಗಿ ಅಲ್ಲ. ಇನ್ನು ಮುಚ್ಕೊಂಡಿರೋದು ಕೂಡ ನೀನೇ ಕಲಿ" ಎಂದರು.

ಗಂಡ ಮೆಲ್ಲಗೆ, ಕೆಲಸಕ್ಕೇನಾದರೂ ತೊಂದರೆಯಾದರೆ ಎಂದು ರಾಗ ಎಳೆದರು. ಆದರೇನು, ನಿಮ್ಮ ಕ್ಲಿನಿಕ್ಕಿನಲ್ಲಿ ಬಾಯಿ ತೆಗೆಯಿರಿ ಎಂದು ಹೇಳುವ ಕೆಲಸಕ್ಕೆ ಸೇರಿಕೊಳ್ಳುತ್ತೇನೆ ರೀ, ಎಂದು ಮೇಡಂ ಹೇಳಿದಾಗ ಮೂವರಿಗೂ ನಗು ಬಂತು. ನಕ್ಕರೂ ಮೇಡಂಗೆ ಒಳಗೆ ಹೆದರಿಕೆ ಇದ್ದೇ ಇತ್ತು. ಅದು ತಮ್ಮ ಕೆಲಸದ ಹೆದರಿಕೆಯಲ್ಲ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು.

ಟೈಲರಕ್ಕ ಸುದ್ದಿ ಕೇಳಿ, ಹೆಗಲ ಮೇಲಿನ ಅಳತೆ ಟೇಪನ್ನೂ ತೆಗೆಯದೆ ವಿಭಾಗಕ್ಕೆ ಓಡಿಬಂದಳು. ತಾನೇ ಹೋಗಿ ಒಪ್ಪಿಕೊಳ್ಳುತ್ತೇನೆ, ತನ್ನಿಂದಾಗಿ ಉಳಿದ ಮಕ್ಕಳಿಗೆ ಯಾಕೆ ಶಿಕ್ಷೆ ಎಂದು ಹಟ ಹಿಡಿದಳು. ಮೇಡಂ ಬಾಗಿಲು ಹಾಕಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

"ಒಪ್ಪಿಕೊಳ್ಳೋದು ಅಂದ್ರೇನಮ್ಮ? ಕಳ್ಳತನ ಮಾಡಿದ್ದೀಯಾ? ಪರೀಕ್ಷೆ ಕೊಟ್ಟಿದ್ದೀಯ. ನಾನು ಅಂಕ ಕೊಟ್ಟಿದ್ದೀನಿ. ಕೊಟ್ಟ ಅಂಕಕ್ಕೆ ನಾನು ಉತ್ತರ ಹೇಳ್ತೀನಿ, ನೀನು ಹೋಗಿ ಹೊಲಿ."

ತರಗತಿಯ ಉಳಿದವರಲ್ಲಿ ಕೆಲವರು ಮೇಡಂ ಮೇಲೆ ಸಿಟ್ಟಾಗಿದ್ದರು. ಒಬ್ಬ ಹುಡುಗನ ತಂದೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು, ಅದರಲ್ಲಿ ಅರ್ಧ ನ್ಯಾಯ ಇದೆಯೆಂದೂ ಅವರಿಗೆ ಗೊತ್ತಿತ್ತು. ಆದರೆ ಸಿಟ್ಟಾದ ಹುಡುಗರಲ್ಲಿ ಒಬ್ಬರೂ ಸಮಿತಿಯ ಬಳಿ ಹೋಗಿ ಟೈಲರಕ್ಕನ ಹೆಸರು ಹೇಳಲಿಲ್ಲ. ಇದನ್ನು ನೆನೆದಾಗ ಅವರಿಗೆ ಕಣ್ಣು ಒದ್ದೆಯಾಗುತ್ತಿತ್ತು, ಮರುಕ್ಷಣವೇ ಸಮಿತಿಯ ಮೇಲೆ ಇನ್ನಷ್ಟು ಮೈ ಉರಿಯುತ್ತಿತ್ತು.

ಎರಡನೆಯ ಸಭೆ ಕುಲಪತಿಗಳ ಕೋಣೆಯ ಪಕ್ಕದ ಹಾಲಿನಲ್ಲಿ. ಉದ್ದನೆಯ ಮೇಜು, ಮೇಜಿನ ಮೇಲೆ ಯಾರೂ ಕುಡಿಯದ ನೀರಿನ ಬಾಟಲಿಗಳು. ಕುಲಪತಿಗಳು ಮೇಜಿನ ತುದಿಯಲ್ಲಿ ಕೂತು, ತಮಗೆ ಈ ಪ್ರಕರಣದಲ್ಲಿ ವೈಯಕ್ತಿಕವಾಗಿ ಏನೂ ಇಲ್ಲವೆಂದೂ ಸಂಸ್ಥೆಯ ಗೌರವವೇ ಮುಖ್ಯವೆಂದೂ ಹೇಳಿದರು. ವೈಯಕ್ತಿಕವಾಗಿ ಏನೂ ಇಲ್ಲದವರು ಹಾಗೆ ಹೇಳಲು ಯಾಕೆ ಬರುತ್ತಾರೆ ಎಂಬುದು ಬೇರೆ ಮಾತು. ನಂತರ ದೂರು ಓದಿಸಿದರು. ದೂರಿನಲ್ಲಿ 'ಮಾನ್ಯ ಕುಲಪತಿಗಳನ್ನು ಅಸಭ್ಯವಾಗಿ ಅನುಕರಿಸಲಾಯಿತು' ಎಂದಿತ್ತು.

"ಅಸಭ್ಯ ಅಂದ್ರೆ ಏನ್ ಮಾಡಿದ್ರು?" ಕುಲಪತಿಗಳು ಕುಲಸಚಿವರನ್ನು ಕೇಳಿದರು.

ಕುಲಸಚಿವರು ಗಂಟಲು ಸರಿಮಾಡಿಕೊಂಡು, ತಾವು ನಡೆಯುವ ರೀತಿ ಸರ್, ಕೈಯಿಂದ ಒಂಥರಾ ಸರ್, ಎಂದು ತಡವರಿಸಿದರು. ಒಂಥರಾ ಎಂದರೆ ಯಾವ ಥರ ಎಂದು ಕುಲಪತಿಗಳು ಪಟ್ಟು ಹಿಡಿದರು. ಕುಲಸಚಿವರು ಇನ್ನೆರಡು ವಾಕ್ಯ ಹೇಳಿದರೂ ಯಾರಿಗೂ ಏನೂ ಅರ್ಥವಾಗಲಿಲ್ಲ.

"ಮಾತಲ್ಲಿ ಬೇಡ. ಎದ್ದು ತೋರಿಸಿ. ನಾನೂ ನೋಡ್ತೀನಿ."

ಪಾಪ, ಆ ಮನುಷ್ಯ ಎದ್ದರು. ಅಂಗಿಯ ಗುಂಡಿ ಮುಟ್ಟಿಕೊಂಡರು, ಗೋಡೆಯವರೆಗೆ ಹೋಗಿ ತಿರುಗಿದರು. ಮೊದಲು ಒಲ್ಲದ ಮನಸ್ಸಿನಿಂದ ಕೈಯೊಂದನ್ನು ಎತ್ತಿದರು, ಅದು ಬಸ್ಸಿಗೆ ಕೈ ತೋರಿಸಿದಂತಿತ್ತು. ಸರಿಯಾಗಲಿಲ್ಲ ಎಂದು ಅವರಿಗೇ ಅನಿಸಿರಬೇಕು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಯೇ ಇಷ್ಟು ಮೇಲೆ ಬಂದವರು ಅವರು. ಮತ್ತೆ ಗೋಡೆಗೆ ಹೋದರು. ಈ ಸಲ ತಿರುಗಿದಾಗ ಎಡ ಭುಜ ಇಳಿದಿತ್ತು. ಕೈ ಕನ್ನಡಕ ತಡಕಿತು. ಮೇಜಿನ ಉದ್ದಕ್ಕೂ ನಡೆದು ಬಂದರು, ಕೈ ಎದೆಯ ಹತ್ತಿರ ಎರಡು ಸಲ ಆಡಿತು, "ನೋಡೋಣ, ನೋಡೋಣ" ಎಂದರು, ದನಿಯೂ ಅದೇ. ಕಣ್ಣು ಕಾನೂನಿನವರ ಮೇಲೆ, ರಸಾಯನಶಾಸ್ತ್ರದವರ ಮೇಲೆ, ಮೇಡಂ ಮೇಲೆ ಹಾದುಹೋಯಿತು, ಯಾರ ಮೇಲೂ ಕೂರಲಿಲ್ಲ. ಮೇಡಂ ಮನಸ್ಸಿನಲ್ಲೇ ಅಂಕ ಹಾಕಿದರು. ಟೈಲರಕ್ಕನಿಗಿಂತ ಒಂದು ಕೈ ಮೇಲು.

ಕಾನೂನಿನವರು ಕೆಮ್ಮಿದರು, ಅದು ಕೆಮ್ಮಲ್ಲ. ರಸಾಯನಶಾಸ್ತ್ರದವರು ಬ್ಯಾಗಿನಲ್ಲಿ ಏನನ್ನೋ ಹುಡುಕಲು ಮೇಜಿನ ಕೆಳಗೆ ಬಾಗಿದವರು ಮೇಲೆ ಬರಲೇ ಇಲ್ಲ. ಕುಲಪತಿಗಳ ಮುಖ ಕೆಂಪಾಯಿತು. ಇಷ್ಟು ಸಾಕೆನ್ನಲು ಅವರು ಕೈ ಎತ್ತಿದರು. ಕೈ ಎದೆಯ ಎತ್ತರಕ್ಕೆ ಬಂದು ಎರಡು ಸಲ ಆಡಿತು. ಮೇಜಿನ ಕೆಳಗಿನಿಂದ ಒಂದು ಸದ್ದು ಬಂತು. ಆಮೇಲೆ ಸಮಿತಿಯ ಯಾರ ಕೈಯಲ್ಲೂ ನಗು ನಿಲ್ಲಲಿಲ್ಲ.

ನಗದೆ ಇದ್ದವರು ಮೂವರು: ಕುಲಪತಿಗಳು, ಇಂಗು ತಿಂದ ಮಂಗನಂತೆ ನಿಂತ ಕುಲಸಚಿವರು, ಮತ್ತು ಸಿನಿಮಾ ಮೇಡಂ. ಮೇಡಂಗೆ ಆ ಮನುಷ್ಯನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರ ಮುಂದೆ ನಿಂತಿದ್ದದ್ದು ಒಬ್ಬ ಒಳ್ಳೆಯ ವಿದ್ಯಾರ್ಥಿ.

"ಸರ್, ಆ ಕಣ್ಣು ನನಗೆ ಬರಲೇ ಇಲ್ಲ. ನಿಮಗೆ ಬಂತು" ಎಂದರು ಅವರು ಮೆಲ್ಲಗೆ. "ನೀವು ಆ ಬಾಗಿಲಲ್ಲಿ ಎಷ್ಟು ವರ್ಷದಿಂದ ನಿಂತಿದ್ದೀರಿ?"

ಕುಲಸಚಿವರು ಅಂಗಿಯ ಗುಂಡಿಯನ್ನು ಮತ್ತೆ ಮುಟ್ಟಿಕೊಂಡು ಕೂತರು.

ಕುಲಪತಿಗಳು ಮೇಜು ತಟ್ಟಿದರು. ನಗು ನಿಂತಿತು. ವಿದ್ಯಾರ್ಥಿಯ ಹೆಸರು ಈಗಲೇ ಹೇಳಬೇಕು, ಇಲ್ಲವಾದರೆ ಈ ವರ್ಷ ಆ ತರಗತಿಗೆ ಫಲಿತಾಂಶವೇ ಇಲ್ಲ, ಎಂದರು. ಮೇಡಂ ಎದ್ದು ನಿಂತರು. ಮಂಡಿ ನೋವಿಗೆ ಮೇಜಿನ ಅಂಚು ಹಿಡಿದುಕೊಂಡರು.

"ಹೆಸರು ಹೇಳೋದಿಲ್ಲ ಸರ್. ಇವತ್ತೂ ಇಲ್ಲ, ನಾಳೆಯೂ ಇಲ್ಲ. ನಿಮ್ಮ ಬಾಗಿಲಲ್ಲಿ ವಾರಗಟ್ಟಲೆ ಕಾದ ಒಬ್ಬರು ಅಲ್ಲಿ ಕಂಡದ್ದನ್ನ ಮಾಡಿ ತೋರಿಸಿದ್ರು. ಒಂದು ಕೂದಲೆಳೆ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ಆಗ ಅವರ ಮುಖ ನೀವು ನೋಡಿದ್ದಿದ್ರೆ ಈಗ ಹೆಸರು ನನ್ನ ಕೇಳಬೇಕಾಗಿರಲಿಲ್ಲ. ಶಿಕ್ಷೆ ಕೊಡಬೇಕಾದ್ರೆ ಅಂಕ ಕೊಟ್ಟವಳಿಗೆ ಕೊಡಿ. ಅಂಕ ಮಾತ್ರ ನಾನು ಬದಲಾಯಿಸಲ್ಲ."

ಆಗ ಕುಲಸಚಿವರು, ತಲೆ ಎತ್ತದೆ, ತಮ್ಮ ಮುಂದಿದ್ದ ದೂರಿನ ಹಾಳೆಯನ್ನು ಮಡಚಿದರು.

"ಸರ್, ದೂರು ನನ್ನದು. ವಾಪಸ್ ತಗೋತೀನಿ."

ಕುಲಪತಿಗಳು ಅವರತ್ತ ತಿರುಗಿದರು. ಅವರ ಕೈಕೆಳಗೆ ಅಷ್ಟು ವರ್ಷ ದುಡಿದ ಮನುಷ್ಯನ ಮುಖವನ್ನು ಅವರು ನಿಜವಾಗಿ ನೋಡಿದ್ದು ಅಂದೇ ಇರಬೇಕು. ನೋಡಿ ಏನು ಕಂಡರೋ, ಎದ್ದು ಹೋದರು. ದೂರೇ ಇಲ್ಲದ ಮೇಲೆ ಫಲಿತಾಂಶ ತಡೆಯಲು ಆಧಾರವಿಲ್ಲವೆಂದು ಕಾನೂನಿನವರು ಅಲ್ಲೇ ಬರೆಸಿದರು. ಮೇಡಂರನ್ನು ಮೊದಲ ದಿನ ಹಳ್ಳಕ್ಕೆ ಬೀಳಿಸಿದವರು ಅವರೇ, ಈಗ ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ವಾಕ್ಯವನ್ನು ಎರಡೆರಡು ಸಲ ತಿದ್ದಿಸಿದರು.

ಶಾಲೆ ತೆರೆಯುವ ಮೊದಲೇ ಫಲಿತಾಂಶ ಬಂತು. ಟೈಲರಕ್ಕ ಕೆಲಸಕ್ಕೆ ಸೇರಿದಳು. ಸಂತೋಷ ಹೇಳಲು ಮನೆಗೆ ಬಂದವಳು ಅತ್ತೆಯ ರವಿಕೆಯ ಅಳತೆಯನ್ನೂ ತೆಗೆದುಕೊಂಡು ಹೋದಳು, ಬೇಡ ಬೇಡ ಎಂದರೂ ಕೇಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಚೆನ್ನಾಗಿತ್ತು. ಆದರೆ ಕುಲಪತಿಗಳು ಮರೆಯುವ ಆಸಾಮಿಯಲ್ಲ. ಹೊಸ ವರ್ಷದ ಪಠ್ಯಕ್ರಮದಲ್ಲಿ ಸಿನಿಮಾ ಮೇಡಂ ಪತ್ರಿಕೆಯೇ ಇರಲಿಲ್ಲ. ಬೇಡಿಕೆ ಇಲ್ಲವೆಂದು ಕಾರಣ ಕೊಟ್ಟಿದ್ದರು. ಅದರ ಬದಲು ಅವರಿಗೆ ಎಲ್ಲ ವಿಭಾಗಗಳ ಮೊದಲ ವರ್ಷದವರಿಗೆ ಕಡ್ಡಾಯವಾದ 'ವೃತ್ತಿ ನಡವಳಿಕೆ' ಎಂಬ ಪಾಠ. ಯಾರೂ ಕಲಿಸಲು ಒಪ್ಪದ, ಯಾರೂ ಕಲಿಯಲು ಬಯಸದ ಪಾಠ ಅದು. ಸುದ್ದಿ ತಿಳಿಸಲು ಕುಲಸಚಿವರೇ ಫೋನ್ ಮಾಡಿ, ತಮ್ಮ ಕೈಯಲ್ಲಿ ಏನೂ ಇರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಮೇಡಂ ಅಂದು ನಿಜವಾಗಿ ಅತ್ತರು. ಕಟ್ಟಿ ಬೆಳೆಸಿದ್ದನ್ನು ಒಂದು ಸಹಿಯಲ್ಲಿ ಅಳಿಸಿದ್ದರು, ಅದಕ್ಕೆ ಅಳದೆ ಇನ್ನು ಯಾವುದಕ್ಕೆ ಅಳಬೇಕು. ಅತ್ತು ಮುಗಿಸಿ, ಮುಖ ತೊಳೆದು, ಹೊಸ ಪಾಠದ ಪುಸ್ತಕ ತೆರೆದು ಮೊದಲ ಅಧ್ಯಾಯ ಓದಿದರು. ಓದುತ್ತ ಓದುತ್ತ ನಗಲು ಶುರುಮಾಡಿದಾಗ ಗಂಡ ಗಾಬರಿಯಾಗಿ ಒಳಗಿನಿಂದ ಓಡಿಬಂದರು.

ಮೊದಲ ದಿನದ ಕ್ಲಾಸು ದೊಡ್ಡ ಉಪನ್ಯಾಸ ಮಂದಿರದಲ್ಲಿ. ಮೇಡಂಗೆ ಹಿಂದೆ ಇದ್ದದ್ದು ಬೆರಳೆಣಿಕೆಯ ವಿದ್ಯಾರ್ಥಿಗಳು. ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲಿನವರೆಗೂ ತಲೆಗಳು, ಇಂಜಿನಿಯರಿಂಗ್‌ನವರು, ವಾಣಿಜ್ಯದವರು, ಗಣಿತದವರು, ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿದವರು. ಎಲ್ಲರ ಮುಖದಲ್ಲೂ ಹಾಜರಿಗಾಗಿ ಬಂದ ಕಳೆ. ಮೇಡಂ ಪುಸ್ತಕ ಎತ್ತಿ ಮೊದಲ ಅಧ್ಯಾಯದ ಹೆಸರು ಓದಿದರು: ಮೇಲಧಿಕಾರಿಗಳ ಎದುರು ನಡೆದುಕೊಳ್ಳುವ ಬಗೆ. ಓದಿ ಪುಸ್ತಕವನ್ನು ಮುಚ್ಚಿದರು.

"ನಿಮ್ಮಲ್ಲಿ ಯಾವುದಾದ್ರೂ ಆಫೀಸಿನ ಬಾಗಿಲಲ್ಲಿ ಕಾದು ನಿಂತವರು ಎಷ್ಟು ಜನ? ಕೈ ಎತ್ತಿ."

ಮೊದಲು ಮುಂದಿನ ಸಾಲಿನಲ್ಲಿ ಒಂದೆರಡು ಕೈ. ಆಮೇಲೆ ಮೇಲೆ, ಹಿಂದೆ, ಗೋಡೆಯ ಪಕ್ಕ. ನೋಡುತ್ತಿದ್ದಂತೆ ಎತ್ತದ ಕೈ ಒಂದೂ ಉಳಿಯಲಿಲ್ಲ. ಮೇಡಂ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಮಧ್ಯದಲ್ಲಿ ಜಾಗ ಮಾಡಿದರು.

"ಸರಿ. ಬಾಗಿಲ ಆ ಕಡೆಯಿಂದ ಬಂದವರು ಹೇಗಿದ್ರು ಅಂತ ಒಬ್ಬೊಬ್ಬರಾಗಿ ಬಂದು ಮಾಡಿ ತೋರಿಸಿ. ಅವಸರ ಇಲ್ಲ, ನಮಗೆ ಇಡೀ ವರ್ಷ ಇದೆ."